ಪರೀಕ್ಷೆಗೂ ಒಂದು ಪರೀಕ್ಷೆ ಬೇಡವೆ?



ಕಾಫಿ ತೋಟದ ನೆರಳು ಮರಗಳಿಗೂ ಅಡಿಕೆ ಮರಗಳಿಗೂ ನಾವು ಹಬ್ಬಿಸಿಕೊಂಡಿರುವ ಮೆಣಸಿನ ಬಳ್ಳಿ ಈಗ ಬರಿಯ ಉಪಬೆಳೆಯಾಗಿ ಉಳಿದಿಲ್ಲ. ಕಾಫಿಯ ಧಾರಣೆ ಕುಸಿದ ವರ್ಷ, ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷ, ಮನೆಯ ಖರ್ಚನ್ನು ತೂಗಿಸಿದ್ದು ಎಷ್ಟೋ ಸಣ್ಣ ಹಿಡುವಳಿದಾರರ ಪಾಲಿಗೆ ಈ ಮೆಣಸೇ. ಆದುದರಿಂದ ಮೆಣಸಿನ ಮಾರಾಟಕ್ಕೆ ಸಂಬಂಧಿಸಿದ ಯಾವ ಹೊಸ ಕ್ರಮವೇ ಬರಲಿ, ಅದನ್ನು ಕೂಲಂಕಷವಾಗಿ ವಿಚಾರ ಮಾಡಿ ನೋಡುವುದು ನಮ್ಮೆಲ್ಲರ ಹೊಣೆ.

ಪ್ರಕೃತ ವಿಚಾರ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಪರೀಕ್ಷೆಯದು. ರಫ್ತು ಮಾಡುವ ವರ್ತಕರು ಈ ಪರೀಕ್ಷೆಯ ವರದಿ ಕೇಳುತ್ತಾರೆ. ವರದಿ ಬರಲು ದಿನಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಧಾರಣೆ ಏರಿಳಿಯುತ್ತದೆ. ಹೀಗಿರುವಾಗ, "ಬೇಗನೆ ಫಲಿತಾಂಶ ಕೊಡುವ ಕಿಟ್‌ಗಳು ಬಂದಿವೆಯಂತೆ, ನಮ್ಮ ಸಂಘವೇ ಒಂದನ್ನು ತರಿಸಿ ಖರೀದಿ ಕೇಂದ್ರದಲ್ಲಿಯೇ ಮೆಣಸನ್ನು ಪರೀಕ್ಷಿಸಬಾರದೇಕೆ?" ಎಂಬ ಪ್ರಶ್ನೆ ಸದಸ್ಯರಲ್ಲಿ ಏಳುವುದು ಸಹಜ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಪರೀಕ್ಷೆ ಬೇಕು. ಆದರೆ ನಮ್ಮ ಮೆಣಸಿನ ಮೇಲೆಯೇ ಒರೆಗೆ ಹಚ್ಚಿ ನೋಡದ ಪರೀಕ್ಷೆಯಿಂದ ಯಾವ ಬೆಳೆಗಾರನ ಚೀಲವನ್ನೂ ತಿರಸ್ಕರಿಸುವುದು ಬೇಡ, ಯಾವ ಚೀಲವನ್ನೂ ಶುದ್ಧವೆಂದು ಸಾರುವುದೂ ಬೇಡ.

ಮೆಣಸಿಗೂ ಈ ರೋಗಾಣುವಿಗೂ ಏನು ನಂಟು?

ಸಾಲ್ಮೊನೆಲ್ಲಾ ಪ್ರಾಣಿಪಕ್ಷಿಗಳ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿ. ದನ, ಕೋಳಿ, ಕಾಡುಹಕ್ಕಿ, ಇಲಿ, ಹಲ್ಲಿ ಇವುಗಳ ಹಿಕ್ಕೆಯಿಂದ ನೀರಿಗೆ, ಮಣ್ಣಿಗೆ, ಒಣಗಲು ಹರವಿದ ಕಾಳಿಗೆ ಸೇರುತ್ತದೆ. ಇದರಲ್ಲಿ 2,500ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಮನುಷ್ಯರ ಹೊಟ್ಟೆ ಸೇರಿದರೆ ಜ್ವರ, ಹೊಟ್ಟೆನೋವು, ಭೇದಿ ಉಂಟಾಗುತ್ತವೆ. ಮಕ್ಕಳಿಗೂ ವೃದ್ಧರಿಗೂ ಪ್ರಾಣಾಪಾಯವೂ ಆಗಬಹುದು. ಒಣಗಿದ ಕಾಳಿನಲ್ಲಿ ಇದು ಬೆಳೆಯಲಾರದು, ಆದರೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ನಿದ್ರೆಯಲ್ಲಿರುವಂತೆ ಬದುಕಿದ್ದು, ತೇವ ಮತ್ತು ಆಹಾರ ಸಿಕ್ಕೊಡನೆ ಎಚ್ಚರಗೊಳ್ಳುತ್ತದೆ.

"ಮೆಣಸೆಂದರೆ ಔಷಧ, ಅದರಲ್ಲಿ ರೋಗಾಣುವೆಲ್ಲಿಂದ ಬಂತು?" ಎಂದು ನಗುವವರಿದ್ದಾರೆ. ನಗುವಂಥ ವಿಷಯ ಇದಲ್ಲ. ನಾರ್ವೆ ದೇಶದಲ್ಲಿ 1981-82ರಲ್ಲಿ ಕಾಳುಮೆಣಸಿನ ಮೂಲಕ ಹರಡಿದ ಸಾಲ್ಮೊನೆಲ್ಲಾದಿಂದ 126 ಜನ ಕಾಯಿಲೆ ಬಿದ್ದರು. ಅಮೆರಿಕದಲ್ಲಿ 2009-10ರಲ್ಲಿ 44 ರಾಜ್ಯಗಳ 272 ಮಂದಿಗೆ ತಗುಲಿದ ಸೋಂಕಿನ ಜಾಡು ಹಿಡಿದು ಹೋದಾಗ, ಅದು ಮಾಂಸದ ತಿಂಡಿಯೊಂದರ ಹೊರಮೈಗೆ ಕೊನೆಯಲ್ಲಿ ಸವರಿದ ಮೆಣಸಿನ ಪುಡಿಯವರೆಗೆ ಹೋಗಿ ನಿಂತಿತು. ಬೇಯಿಸುವಾಗ ಹಾಕಿದ ಮೆಣಸಿನಿಂದ ಭಯ ಕಡಮೆ. ಬೆಂದ ಮೇಲೆ ಉದುರಿಸುವ ಮೆಣಸೇ ತೊಂದರೆ ಕೊಡುವುದು. ಅಮೆರಿಕಕ್ಕೆ 2007ರಿಂದ 2009ರವರೆಗೆ ನಾನಾ ದೇಶಗಳಿಂದ ಬಂದ ಸಂಬಾರ ಪದಾರ್ಥಗಳನ್ನು ಅಲ್ಲಿನ ಆಹಾರ ಇಲಾಖೆ ಪರೀಕ್ಷಿಸಿದಾಗ 100 ರವಾನೆಗಳಲ್ಲಿ ಸುಮಾರು 6.6ರಲ್ಲಿ ಸಾಲ್ಮೊನೆಲ್ಲಾ ಕಂಡುಬಂದಿತ್ತು. ಇತರ ಆಮದು ಆಹಾರಗಳಿಗೆ ಹೋಲಿಸಿದರೆ ಇದು ಸುಮಾರು ಇಮ್ಮಡಿ.

ಅಡಿಕೆ ತೋಟದಲ್ಲಿ ಕೋಕೋ ಬೆಳೆದಿರುವ ಸದಸ್ಯರಿಗೂ ಇದು ಹೊರತಲ್ಲ. 1973-74ರಲ್ಲಿ ಕೆನಡಾ ಮತ್ತು ಅಮೆರಿಕಗಳಲ್ಲಿ ಚಾಕೊಲೇಟಿನಿಂದ ಹರಡಿದ ಸೋಂಕಿನ ಮೂಲ ಕೋಕೋ ಬೀಜವೇ ಇರಬೇಕೆಂದು ತಜ್ಞರು ಶಂಕಿಸಿದ್ದರು. ಚಾಕೊಲೇಟಿನ ಜಿಡ್ಡು ರೋಗಾಣುವಿಗೆ ಕವಚದಂತಾಗುವುದರಿಂದ, ತೀರ ಕೆಲವೇ ಅಣುಗಳು ಹೊಟ್ಟೆ ಸೇರಿದರೂ ಕಾಯಿಲೆ ಬರಬಹುದು.

ಈ ಕಾರಣಗಳಿಂದಲೇ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳೂ ಸಂಬಾರ ಪದಾರ್ಥಗಳ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇರಲೇಕೂಡದು ಎನ್ನುತ್ತವೆ. ಸ್ವಲ್ಪ ಇದ್ದರೆ ನಡೆದೀತು ಎಂಬ ಮಾತೇ ಇಲ್ಲ.

ಹಳೆಯ ಕ್ರಮ ನಿಧಾನವೇಕೆ?

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 6579 ಎಂಬ ಸಂಖ್ಯೆಯ ಕ್ರಮವನ್ನು ಜಗತ್ತೆಲ್ಲ ಮೂಲಕ್ರಮವಾಗಿ ಒಪ್ಪಿದೆ. ಅದರಲ್ಲಿ 25 ಗ್ರಾಂ ಮಾದರಿಯನ್ನು 225 ಮಿಲಿಲೀಟರ್ ಪೋಷಕ ದ್ರವದಲ್ಲಿ ಹಾಕಿ ಒಂದು ರಾತ್ರಿ ದೇಹದ ಬಿಸಿಯಲ್ಲಿ ಇಡುತ್ತಾರೆ. ಒಣಗಿ ನಿತ್ರಾಣವಾಗಿದ್ದ ರೋಗಾಣು ಇದ್ದರೆ ಚೇತರಿಸಿಕೊಳ್ಳುತ್ತದೆ. ಮರುದಿನ ಬೇರೆ ಅಣುಜೀವಿಗಳನ್ನು ಅಡಗಿಸಿ ಸಾಲ್ಮೊನೆಲ್ಲಾ ಮಾತ್ರ ಹೆಚ್ಚುವಂಥ ದ್ರವಕ್ಕೆ ವರ್ಗಾಯಿಸುತ್ತಾರೆ. ಮೂರನೆಯ ದಿನ ತಟ್ಟೆಗಳ ಮೇಲೆ ಬಿತ್ತಿ, ನಾಲ್ಕನೆಯ ದಿನ ಮೊಳೆತದ್ದನ್ನು ನೋಡಿ, ಸಂಶಯ ಬಂದರೆ ಇನ್ನೂ ಒಂದೆರಡು ದಿನ ಖಚಿತ ಪರೀಕ್ಷೆ ಮಾಡುತ್ತಾರೆ. ಭತ್ತದ ಬೀಜ ಜೀವಂತವಾಗಿದೆಯೇ ಎಂದು ತಿಳಿಯಲು ಮೊಳಕೆ ಬರಿಸಿ ನೋಡುವಂತೆಯೇ ಇದು. ನಿಧಾನ, ಆದರೆ ಕಣ್ಣಿಗೆ ಕಂಡ ಸಾಕ್ಷಿ.

ಕ್ಷಿಪ್ರ ಪರೀಕ್ಷೆಗಳು ಈ ಮೊಳಕೆಯ ತನಕ ಕಾಯುವುದಿಲ್ಲ. ಕೆಲವು ರೋಗಾಣುವಿನ ಮೈಮೇಲಿನ ಗುರುತನ್ನು ಪಟ್ಟಿಯ ಮೇಲೆ ಗೆರೆಯಾಗಿ ತೋರಿಸುತ್ತವೆ. ಕೆಲವು ಅದರ ವಂಶತಂತುವಿನ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಪತ್ತೆ ಹಚ್ಚುತ್ತವೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ಪಿಸಿಆರ್ ಇದೇ. ಮೊದಲ ರಾತ್ರಿಯ ಪೋಷಣೆ ಮಾತ್ರ ಇಲ್ಲಿಯೂ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದುದರಿಂದ 'ಒಂದು ಗಂಟೆಯಲ್ಲಿ ಫಲಿತಾಂಶ' ಎಂದು ಯಾರಾದರೂ ಹೇಳಿದರೆ, ಆ ಗಂಟೆಯ ಹಿಂದೆ ಒಂದು ರಾತ್ರಿ ಇದೆಯೇ ಎಂದು ಕೇಳಬೇಕು. ಅದೇನೇ ಇರಲಿ, ಐದು ದಿನದ ಕೆಲಸ ಒಂದೆರಡು ದಿನಕ್ಕೆ ಇಳಿಯುವುದು ದೊಡ್ಡ ಅನುಕೂಲವೇ ಸರಿ. ವಿಜ್ಞಾನದ ಈ ಮುನ್ನಡೆಗೆ ನಾವು ವಿರೋಧಿಗಳಲ್ಲ.

ಮುದ್ರೆಯಿಲ್ಲದ ತಕ್ಕಡಿ

ಸಂಘದ ಕಾಟಾಕ್ಕೆ ಕಾಲಕಾಲಕ್ಕೆ ಇಲಾಖೆಯವರಿಂದ ಮುದ್ರೆ ಹಾಕಿಸುತ್ತೇವೆ. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದರೆ ಯಾವ ಸದಸ್ಯನೂ ಸುಮ್ಮನಿರುವುದಿಲ್ಲ. ಒಂದು ಕಿಲೋ ಮೆಣಸಿನ ವ್ಯತ್ಯಾಸಕ್ಕೆ ಇಷ್ಟು ಎಚ್ಚರ ವಹಿಸುವ ನಾವು, ಇಡೀ ಚೀಲದ ಹಣೆಬರಹ ಬರೆಯುವ ಕಿಟ್‌ಗೆ ಮುದ್ರೆಯಿದೆಯೇ ಎಂದು ಕೇಳಬೇಡವೆ?

ಅಂಥ ಮುದ್ರೆಯ ಕ್ರಮವೊಂದು ಇದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 16140 ಎಂಬ ಮಾನಕಮಾಲೆ ಅದನ್ನು ವಿವರಿಸುತ್ತದೆ. ಹೊಸ ಕ್ರಮವನ್ನೂ ಮೂಲಕ್ರಮವನ್ನೂ ಅಕ್ಕಪಕ್ಕದಲ್ಲಿಟ್ಟು ನಡೆಸಿ ತಾಳೆ ನೋಡಬೇಕು. ಸಾಲ್ಮೊನೆಲ್ಲಾದ 100 ತಳಿಗಳನ್ನಾದರೂ ಕೊಟ್ಟು ಅವನ್ನೆಲ್ಲ ಗುರುತಿಸುತ್ತದೆಯೇ ಎಂದು ನೋಡಬೇಕು. ಹತ್ತಿರದ ನೆಂಟರಾದ ಬೇರೆ ಅಣುಜೀವಿಗಳನ್ನು ಕೊಟ್ಟು ತಪ್ಪಾಗಿ ಕೂಗುತ್ತದೆಯೇ ಎಂದೂ ನೋಡಬೇಕು. ಅನಂತರ ಬೇರೆ ಬೇರೆ ಪ್ರಯೋಗಶಾಲೆಗಳಿಗೆ ಒಂದೇ ಬಗೆಯ ಮಾದರಿ ಕಳುಹಿಸಿ ಎಲ್ಲರಿಗೂ ಒಂದೇ ಉತ್ತರ ಬರುವುದೇ ಎಂದು ಪರೀಕ್ಷಿಸಬೇಕು.

ಇದರಲ್ಲಿ ಒಂದು ಜಾಣತನದ ಅಂಶವುಂಟು. ಮಾದರಿಗೆ ರೋಗಾಣುವನ್ನು ಧಾರಾಳವಾಗಿ ಸೇರಿಸುವುದಿಲ್ಲ. ಮೂಲಕ್ರಮಕ್ಕೇ ಸುಮಾರು ಅರ್ಧ ಸಲ ಸಿಕ್ಕಿ ಅರ್ಧ ಸಲ ತಪ್ಪಿಹೋಗುವಷ್ಟು ಕಡಮೆ ಸೇರಿಸುತ್ತಾರೆ. ಚೀಲದಲ್ಲಿ ಒಂದು ಬುಟ್ಟಿ ಕಲ್ಲು ಬೆರೆಸಿದರೆ ಯಾರು ಬೇಕಾದರೂ ಹುಡುಕಿಯಾರು. ಒಂದೇ ಕಲ್ಲು ಇದ್ದಾಗ ಯಾರ ಕೈಗೆ ಸಿಗುತ್ತದೆ ಎಂಬುದರಲ್ಲಿ ಆರಿಸುವವರ ಸಾಮರ್ಥ್ಯ ತಿಳಿಯುತ್ತದೆ.

ಮುದ್ರೆಯಿಲ್ಲದ ಅವಸರ ಏನು ಮಾಡುತ್ತದೆಂಬುದನ್ನು ನಾವು ಕಂಡೇ ಇದ್ದೇವೆ. 2020ರ ಏಪ್ರಿಲಿನಲ್ಲಿ ಕೋವಿಡ್ ಪತ್ತೆಗೆಂದು ತರಿಸಿದ ಪ್ರತಿಕಾಯ ಕ್ಷಿಪ್ರ ಕಿಟ್‌ಗಳ ಫಲಿತಾಂಶ ತೀರ ಏರುಪೇರಾಗಿ ಬಂದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಅವುಗಳ ಬಳಕೆಯನ್ನು ನಿಲ್ಲಿಸುವಂತೆ ರಾಜ್ಯಗಳಿಗೆ ತಿಳಿಸಬೇಕಾಯಿತು.

ಹಾಲಿಗೆ ಒಪ್ಪುವುದು ಮೆಣಸಿಗೆ ಒಪ್ಪುವುದೆ?

ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಮಾನಕದ ಪ್ರಕಾರ ಐದು ಬಗೆಯ ಆಹಾರಗಳ ಮೇಲೆ ಯಶಸ್ವಿಯಾದ ಕ್ರಮವನ್ನು 'ಆಹಾರಗಳ ವಿಶಾಲ ವ್ಯಾಪ್ತಿಗೆ' ಸಲ್ಲುತ್ತದೆ ಎನ್ನಬಹುದು. ಆ ಐದರಲ್ಲಿ ಮಾಂಸ, ಹಾಲು, ಮೊಟ್ಟೆ ಇದ್ದು ಮೆಣಸು ಇಲ್ಲದೆಯೂ ಇರಬಹುದು. ಹಾಗಾಗಿ ಪೆಟ್ಟಿಗೆಯ ಮೇಲಿನ ಬರಹ ಸುಳ್ಳಲ್ಲದಿದ್ದರೂ ನಮ್ಮ ಮೆಣಸಿಗೆ ಅದು ಸಾಕ್ಷಿಯಾಗಲಾರದು.

ಸಂಬಾರ ಪದಾರ್ಥಗಳು ಪರೀಕ್ಷೆಗೆ ಸುಲಭದ ವಸ್ತುಗಳಲ್ಲ. ಅವುಗಳ ಕಾರ, ಒಗರು, ಎಣ್ಣೆಯ ಅಂಶಗಳು ಪೋಷಕ ದ್ರವದಲ್ಲಿ ರೋಗಾಣು ಚೇತರಿಸದಂತೆ ಅಡ್ಡಿ ಮಾಡಬಲ್ಲವು. ಪಿಸಿಆರ್ ಕ್ರಿಯೆಯನ್ನೂ ಕುಂಠಿತಗೊಳಿಸಬಲ್ಲವು. ಅಮೆರಿಕದ ಆಹಾರ ಇಲಾಖೆಯ ಕೈಪಿಡಿಯಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ವಿಧಾನವಿದೆ. ಕಾಳುಮೆಣಸಿಗೆ ಹತ್ತರಲ್ಲಿ ಒಂದರಷ್ಟು ದ್ರಾವಣ ಸಾಕು. ದಾಲ್ಚಿನ್ನಿಗೆ ನೂರರಲ್ಲಿ ಒಂದು, ಲವಂಗಕ್ಕೆ ಸಾವಿರದಲ್ಲಿ ಒಂದು ಮಾಡಿ ತೆಳುಗೊಳಿಸಬೇಕು. ಇಲ್ಲವಾದರೆ ಲವಂಗದ ತೀಕ್ಷ್ಣತೆಯೇ ರೋಗಾಣುವನ್ನು ಅಡಗಿಸಿ, ಪರೀಕ್ಷೆ 'ಇಲ್ಲ' ಎನ್ನುತ್ತದೆ. ಚಾಕೊಲೇಟಿಗೆ ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣ ಬಳಸುತ್ತಾರೆ. ಕೋಕೋದ ಒಗರನ್ನು ಹಾಲಿನ ಸತ್ವ ಹಿಡಿದಿಡುತ್ತದೆ. ಇವೆಲ್ಲ ಒಂದೊಂದು ಪದಾರ್ಥದ ಮೇಲೂ ಬೇರೆ ಬೇರೆಯಾಗಿ ಪರೀಕ್ಷೆ ನಡೆಸಿ ಕಂಡುಕೊಂಡ ಸಂಗತಿಗಳು.

ಇನ್ನೊಂದು ತೊಡಕು: ಹಬೆಯಿಂದ ಶುದ್ಧಿ ಮಾಡಿದ ಮೆಣಸಿನಲ್ಲಿ ಸತ್ತ ರೋಗಾಣುವಿನ ವಂಶತಂತು ಉಳಿದಿದ್ದರೆ, ಕೆಲವು ಪರೀಕ್ಷೆಗಳು ಅದನ್ನೂ 'ಇದೆ' ಎಂದು ಕೂಗಬಹುದು. ಸತ್ತದ್ದು ಮೊಳೆಯುವುದಿಲ್ಲವಾದ್ದರಿಂದ ಮೂಲಕ್ರಮದಲ್ಲಿ ಈ ಗೊಂದಲವಿಲ್ಲ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗಾಗಿ ಒಂದು ಲೆಕ್ಕ. ಸಂಘಕ್ಕೆ 1,000 ಬೆಳೆಗಾರರ ಮೆಣಸು ಬಂತೆಂದೂ ಅದರಲ್ಲಿ 20 ಜನರದು ನಿಜಕ್ಕೂ ಸೋಂಕಿನದೆಂದೂ ಇಟ್ಟುಕೊಳ್ಳೋಣ. ಕಿಟ್ ನೂರಕ್ಕೆ 95 ಸಲ ಸರಿ ಹೇಳುತ್ತದೆ ಎನ್ನೋಣ. ಕೇಳಲು ಚೆನ್ನಾಗಿಯೇ ಇದೆ. ಸೋಂಕಿನ 20ರಲ್ಲಿ 19 ಸಿಕ್ಕಿಬೀಳುತ್ತವೆ. ಆದರೆ ಶುದ್ಧವಾದ 980ರಲ್ಲಿ ನೂರಕ್ಕೆ ಐದರಂತೆ 49 ಮಂದಿಯ ಮೆಣಸೂ 'ಸೋಂಕು' ಎಂದು ಬರುತ್ತದೆ. ಒಟ್ಟು 68 ಮಂದಿಯ ಚೀಲ ಪಕ್ಕಕ್ಕೆ ಸರಿಯುತ್ತದೆ; ಅವರಲ್ಲಿ 49 ಮಂದಿ ನಿರಪರಾಧಿಗಳು! ಮೂಲಕ್ರಮದಿಂದ ಖಚಿತಪಡಿಸದೆ ಅಲ್ಲಿಂದಲೇ ಹಿಂದಕ್ಕೆ ಕಳುಹಿಸಿದರೆ ಅವರ ಗತಿಯೇನು? 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂದು ನಮ್ಮ ಹಿರಿಯರು ಹೇಳಿದ ಮಾತು ಮೆಣಸಿಗೂ ಸಲ್ಲುತ್ತದೆ. ಊರಲ್ಲಿ ಒಮ್ಮೆ ಹೆಸರು ಕೆಟ್ಟರೆ ಮರುದಿನದ ಸ್ಪಷ್ಟೀಕರಣದಿಂದ ಸರಿಹೋಗುವುದಿಲ್ಲ.

ಉತ್ತಮ ಕಿಟ್‌ಗಳ ತಪ್ಪು ಇದಕ್ಕಿಂತ ಕಡಮೆಯಿರಬಹುದು. ಎಷ್ಟು ಕಡಮೆ, ಅದೂ ಮೆಣಸಿನಲ್ಲಿ ಎಷ್ಟು ಕಡಮೆ ಎಂಬುದನ್ನು ಹೇಳಬಲ್ಲುದು ಮೇಲೆ ವಿವರಿಸಿದ ತಾಳೆ ಪರೀಕ್ಷೆ ಒಂದೇ.

ಇನ್ನು 'ಇಲ್ಲ' ಎಂಬ ಉತ್ತರದ ಬೆಲೆಯೆಷ್ಟು? ರೋಗಾಣು ಚೀಲದ ತುಂಬ ಸಮವಾಗಿ ಹರಡಿರುವುದಿಲ್ಲ. ರಾಶಿಯಿಂದ ತೆಗೆದ ಪ್ರತಿ 20 ಹಿಡಿಯಲ್ಲಿ ಒಂದರಲ್ಲಿ ಮಾತ್ರ ಸೋಂಕಿದೆ ಎನ್ನಿ. ಐದು ಹಿಡಿ ಪರೀಕ್ಷಿಸಿದರೆ, ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ, ನೂರಕ್ಕೆ 77 ಸಲ ಸೋಂಕು ತಪ್ಪಿಸಿಕೊಳ್ಳುತ್ತದೆ. 60 ಹಿಡಿ ಪರೀಕ್ಷಿಸಿದಾಗ ಮಾತ್ರ ಅದು ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಒಂದು ಚೀಲದ ಮೇಲ್ಭಾಗದಿಂದ ಒಂದು ಚಿಟಿಕೆ ತೆಗೆದು ಪಟ್ಟಿಯಲ್ಲಿ ಅದ್ದಿ 'ಶುದ್ಧ' ಎಂದು ಚೀಟಿ ಕೊಟ್ಟರೆ, ಆ ಚೀಟಿಯನ್ನು ನಂಬಿ ಉಣ್ಣುವವರಿಗೆ ನಾವು ಮೋಸ ಮಾಡಿದಂತೆಯೇ.

ಎರಡು ಆಕ್ಷೇಪಗಳು

"ಇಷ್ಟೆಲ್ಲ ತೊಂದರೆಯಿದ್ದರೆ ಪರೀಕ್ಷೆಯೇ ಬೇಡ" ಎನ್ನುವವರಿಗೆ ನಮ್ಮ ಉತ್ತರ: ನಾವು ಮಾಡದಿದ್ದರೆ ಕೊಳ್ಳುವವರು ಮಾಡುತ್ತಾರೆ, ಅವರ ಬಂದರಿನಲ್ಲಿ, ಅವರ ಲೆಕ್ಕದಲ್ಲಿ. ಅದಕ್ಕೂ ಮಿಗಿಲಾಗಿ, ನಮ್ಮ ಮೆಣಸು ತಿಂದು ಯಾರದೋ ಮಗು ಆಸ್ಪತ್ರೆ ಸೇರುವುದು ನಮಗೆ ಶೋಭೆಯಲ್ಲ.

"ಅನಿಲ ಹಾಯಿಸಿ ರೋಗಾಣುವನ್ನೇ ಕೊಂದುಬಿಟ್ಟರಾಯಿತಲ್ಲ" ಎನ್ನುವವರೂ ಇದ್ದಾರೆ. ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಇದೇ ಉದ್ದೇಶಕ್ಕೆ ಬಳಸುವುದುಂಟು. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳಲ್ಲಿ ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಇದರ ಉಳಿಕೆ ಕಂಡು ಮಾರಾಟ ತಡೆದಾಗ ಎಷ್ಟು ಗದ್ದಲವಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ಆ ಎರಡು ಕಡೆಗೆ ಹೋಗುವ ಸಂಬಾರ ಪದಾರ್ಥಗಳಿಗೆ ಸಂಬಾರ ಮಂಡಳಿ ಆಮೇಲೆ ಕಡ್ಡಾಯ ಪರೀಕ್ಷೆ ವಿಧಿಸಿತು. ಒಂದು ದೋಷ ಮುಚ್ಚಲು ಇನ್ನೊಂದನ್ನು ಬೆರೆಸುವುದು ದಾರಿಯಲ್ಲ.

ಸಂಘ ಏನು ಮಾಡಬೇಕು?

ಮೊದಲನೆಯದಾಗಿ, ಖರೀದಿ ಕೇಂದ್ರದಲ್ಲಿ ಕಿಟ್ ಇಡುವುದು ಬೇಡವೆಂದು ನಮ್ಮ ಸ್ಪಷ್ಟ ಸಲಹೆ. ಮಾದರಿಯನ್ನು ಪೋಷಕ ದ್ರವದಲ್ಲಿ ಒಂದು ರಾತ್ರಿ ಇಡುವುದೆಂದರೆ ಇದ್ದ ರೋಗಾಣುವನ್ನು ಕೋಟಿಗಟ್ಟಲೆ ಬೆಳೆಸುವುದು. ಅದನ್ನು ಮೆಣಸಿನ ಗೋದಾಮಿನ ಪಕ್ಕದಲ್ಲಿ ಮಾಡುವುದು, ಬೀಜದ ಕೋಣೆಯಲ್ಲಿ ಇಲಿ ಸಾಕಿದಂತೆ.

ಎರಡನೆಯದಾಗಿ, ಮಾನ್ಯತೆ ಪಡೆದ ಪ್ರಯೋಗಶಾಲೆಯೊಂದಿಗೆ ಒಪ್ಪಂದ ಮಾಡಿಕೊಳ್ಳಲಿ. ಸಣ್ಣ ಬೆಳೆಗಾರರ ಮೇಲೆ ತಲಾ ಖರ್ಚು ಬೀಳದಂತೆ ಸಂಘವೇ ವೆಚ್ಚ ಹೊರಲಿ. ಮಾನ್ಯತಾ ಪತ್ರ ಗೋಡೆಯ ಮೇಲಿದ್ದರೆ ಸಾಲದು. ಪತ್ರದ ಜೊತೆಗಿರುವ ವ್ಯಾಪ್ತಿಪಟ್ಟಿಯಲ್ಲಿ ಸಂಬಾರ ಪದಾರ್ಥ, ಸಾಲ್ಮೊನೆಲ್ಲಾ, ಬಳಸುವ ಕ್ರಮದ ಹೆಸರು ಈ ಮೂರೂ ಇವೆಯೇ ಎಂದು ಓದಿ ನೋಡಬೇಕು.

ಮೂರನೆಯದಾಗಿ, ಆ ಪ್ರಯೋಗಶಾಲೆ ಕ್ಷಿಪ್ರ ಕ್ರಮ ಬಳಸುವುದಾದರೆ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು: ಇದನ್ನು ಯಾವ ಮೂಲಕ್ರಮದೊಂದಿಗೆ ತಾಳೆ ನೋಡಲಾಗಿದೆ? ಕಾಳುಮೆಣಸಿನ ಮೇಲೆ ನೋಡಲಾಗಿದೆಯೆ? ಎಷ್ಟು ಗ್ರಾಂ ಮಾದರಿಗೆ ಇದು ಸಲ್ಲುತ್ತದೆ? ನಿಮ್ಮ ಪ್ರಯೋಗಶಾಲೆಯಲ್ಲಿಯೇ ಮೆಣಸಿಗೆ ರೋಗಾಣು ಸೇರಿಸಿ ಪತ್ತೆಯಾಗುವುದನ್ನು ಖಚಿತಪಡಿಸಿಕೊಂಡಿದ್ದೀರಾ? ಮೆಣಸಿನ ಅಂಶದಿಂದ ಪರೀಕ್ಷೆ ಕುಂಠಿತವಾದರೆ ಅದನ್ನು ತಿಳಿಸುವ ಒಳಗುರುತು ಇದರಲ್ಲಿದೆಯೆ?

ನಾಲ್ಕನೆಯದಾಗಿ, ಮಾದರಿ ತೆಗೆಯುವಾಗ ಬೆಳೆಗಾರನ ಎದುರಿನಲ್ಲಿಯೇ ಒಂದು ಭಾಗವನ್ನು ಮುದ್ರೆ ಹಾಕಿ ಸಂಘದಲ್ಲಿಡಬೇಕು. ಕ್ಷಿಪ್ರ ಪರೀಕ್ಷೆಯಲ್ಲಿ 'ಇದೆ' ಎಂದು ಬಂದರೆ, ಅದೇ ಪೋಷಕ ದ್ರವದಿಂದ ಮೂಲಕ್ರಮದಲ್ಲಿ ಬೆಳೆಸಿ ನೋಡಿ ಖಚಿತವಾಗುವ ತನಕ ಆ ಮಾಲನ್ನು ಬೇರೆ ಇಡಬೇಕು. ಆದರೆ ಹೆಸರು ಹೇಳಬಾರದು, ಧಾರಣೆ ಮುರಿಯಬಾರದು. ಖಚಿತವಾದರೆ, ಯಾವ ಮುಲಾಜೂ ಇಲ್ಲದೆ ಆ ಮಾಲನ್ನು ಹಬೆಶುದ್ಧಿಗೆ ಕಳುಹಿಸಬೇಕು.

ನಾವು ಏನು ಮಾಡಬೇಕು?

ಪರೀಕ್ಷೆ ಮೆಣಸನ್ನು ಶುದ್ಧ ಮಾಡುವುದಿಲ್ಲ. ಶುದ್ಧಿ ನಮ್ಮ ಅಂಗಳದಲ್ಲಿಯೇ ಆಗಬೇಕು. ಸಗಣಿ ಸಾರಿಸಿದ ಅಂಗಳದಲ್ಲಿ ಮೆಣಸು ಹರವುವ ಪದ್ಧತಿಯನ್ನು, ಅದು ಎಷ್ಟೇ ಹಿಂದಿನಿಂದ ಬಂದಿದ್ದರೂ, ಬಿಡಬೇಕು. ಸಿಮೆಂಟು ಕಣ ಅಥವಾ ತೊಳೆದ ಟಾರ್ಪಾಲು ಬಳಸಬೇಕು. ಬಿಡಿಸಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಒಂದೇ ಸಮನಾದ ಕಪ್ಪು ಬಣ್ಣ ಬರುತ್ತದೆ, ಮೇಲಿನ ಅಣುಜೀವಿಗಳೂ ಬಹುಮಟ್ಟಿಗೆ ಸಾಯುತ್ತವೆ. ಅದ್ದಿದ ಮೇಲೆ ಮತ್ತೆ ಕೊಳಕು ಬುಟ್ಟಿಗೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಕೋಳಿ, ನಾಯಿ ಅಂಗಳಕ್ಕೆ ಬಾರದಂತೆ ಬಲೆ ಕಟ್ಟಿ, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ, ತೇವಾಂಶ ನೂರಕ್ಕೆ 10-12ಕ್ಕೆ ಇಳಿದ ಮೇಲೆಯೇ ಚೀಲ ತುಂಬಬೇಕು. ಗೊಬ್ಬರದ ಹಳೆಯ ಚೀಲ ಖಂಡಿತ ಬೇಡ.

ಇಷ್ಟು ಮಾಡಿದ ಬೆಳೆಗಾರನು ಪರೀಕ್ಷೆಗೆ ಹೆದರಬೇಕಾಗಿಲ್ಲ; ಆ ಪರೀಕ್ಷೆ ನ್ಯಾಯವಾದದ್ದಾಗಿರಬೇಕು ಎಂದು ಕೇಳುವ ಹಕ್ಕೂ ಅವನಿಗಿದೆ. ಮುಂದಿನ ಕೊಯ್ಲಿಗೆ ಮೊದಲು ಮಹಾಸಭೆಯಲ್ಲಿ ಈ ವಿಚಾರ ಚರ್ಚೆಗೆ ಬರಲಿ, ಮೇಲಿನ ನಾಲ್ಕು ಅಂಶಗಳು ಠರಾವಿನ ರೂಪ ಪಡೆಯಲಿ ಎಂದು ಆಶಿಸುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.